ಮೂರು ಚೀಟಿ, ಒಂದು ಮಗು

ಕಳೆದ ಶ್ರಾವಣದಲ್ಲಿ ನಮ್ಮ ಸಂಘದ ಹಳೆಯ ಸದಸ್ಯರೊಬ್ಬರು ನಮ್ಮನ್ನು ಮನೆಗೆ ಕರೆದರು. ಮನೆ ಇರುವುದು ಡೊಂಬಿವಲಿ ಎಂಐಡಿಸಿಯ ನಿವಾಸಿ ವಿಭಾಗದಲ್ಲಿ. ಅವರು ಮೂಲತಃ ಧಾರವಾಡದ ಕಡೆಯವರು. ಇಲ್ಲಿಯ ಒಂದು ಬಣ್ಣದ ಕಾರಖಾನೆಯಲ್ಲಿ ಪಾಳಿಯ ಕೆಲಸ. ‘ನಿಮ್ಮ ಅಂಕಣದಾಗ ಮಕ್ಕಳ ಊಟ, ಮಕ್ಕಳ ಸಾಲಿ ಎಲ್ಲಾ ಬರೀತೀರಿ. ನಮ್ಮ ಹುಡುಗನ ಸಲುವಾಗಿ ಒಂದು ಸಲ ಬಂದು ಹೋಗ್ರಿ’ ಎಂದಿದ್ದರು. ಹಬ್ಬಕ್ಕೆ ಕರೆಯುವವರ ದನಿ ಅದಾಗಿರಲಿಲ್ಲ.

ನಾವು ಹೋದಾಗ ಹುಡುಗ ಮೇಜಿನ ಕೆಳಗೆ ಕುಳಿತು ಡಬ್ಬಿಯ ಮುಚ್ಚಳವೊಂದನ್ನು ನೆಲದ ಮೇಲೆ ತಿರುಗಿಸುತ್ತಿದ್ದನು. ಮುಚ್ಚಳ ನಿಂತೊಡನೆ ಮತ್ತೆ ತಿರುಗಿಸುವನು. ಹೆಸರು ಹಿಡಿದು ಕರೆದರೆ ತಲೆ ಎತ್ತನು. ಒಳಗೆ ಕುಕ್ಕರು ಸೀಟಿ ಹಾಕಿತು. ಅವನು ಎರಡೂ ಕಿವಿ ಮುಚ್ಚಿಕೊಂಡು, ಕಿರುಚುತ್ತ ಬಾಲ್ಕನಿಗೆ ಓಡಿದನು. ಅಜ್ಜಿ ಹಿಂದೆಯೇ ಹೋಗಿ ಅವನ ಪಕ್ಕದಲ್ಲಿ ಸುಮ್ಮನೆ ಕುಳಿತರು. ವಯಸ್ಸು ಮೂರು ವರ್ಷ ನಾಲ್ಕು ತಿಂಗಳು. ಆಟಿಸಂ ಎಂದು ವೈದ್ಯರು ಹೇಳಿ ಎರಡು ತಿಂಗಳಾಗಿತ್ತು.

ಚಹಾ ಮುಗಿದ ಮೇಲೆ ತಂದೆ ಮೂರು ಚೀಟಿಗಳನ್ನು ತಂದು ನಮ್ಮೆದುರು ಇಟ್ಟರು. ಮೂರು ಕೇಂದ್ರಗಳವರು ಬರೆದುಕೊಟ್ಟ ಚೀಟಿಗಳು.

ಮೊದಲನೆಯದು ರಿಕ್ಷಾದಲ್ಲಿ ಹೋಗಿಬರುವಷ್ಟು ಹತ್ತಿರದ ಕೇಂದ್ರದ್ದು. ನಡವಳಿಕೆಯನ್ನು ತಿದ್ದುವ ಪದ್ಧತಿ; ವಾರಕ್ಕೆ ೨೦ ಗಂಟೆ, ಗಂಟೆಗೆ ೬೦೦ ರೂಪಾಯಿ. ನಾಲ್ಕು ವಾರಕ್ಕೆ ೪೮,೦೦೦ ಆಯಿತು. ಎರಡನೆಯದು ಠಾಣೆಯದು. ವಾರಕ್ಕೆ ಎರಡು ದಿನ ಸ್ಪೀಚ್ ಥೆರಪಿ, ಎರಡು ದಿನ ಆಕ್ಯುಪೇಷನಲ್ ಥೆರಪಿ, ಒಂದೊಂದಕ್ಕೂ ಮುಕ್ಕಾಲು ಗಂಟೆ. ಚೀಟಿಯ ಕೊನೆಗೆ ಒಂದು ಸಲಹೆ: ಮನೆಯಲ್ಲಿ ಎಲ್ಲರೂ ಇಂಗ್ಲಿಷನ್ನೇ ಆಡತಕ್ಕದ್ದು, ಕನ್ನಡ ಬೇಡ. ಮೂರನೆಯದು ದಾದರಿನ ಕಡೆಯದು. ಹದಿನೈದು ದಿನಕ್ಕೊಮ್ಮೆ ತಾಯಿತಂದೆ ಮಗುವಿನೊಡನೆ ಬರಬೇಕು. ಆಡಿಸುವ, ಮಾತಾಡಿಸುವ ಕ್ರಮವನ್ನು ಕಲಿತು ದಿನಕ್ಕೆ ಅರ್ಧ ಗಂಟೆ ಮನೆಯಲ್ಲೇ ನಡೆಸಬೇಕು.

‘ಮೂರೂ ಮಂದಿ ತಮ್ಮದ ಸರಿ ಅಂತಾರ್ರಿ. ಇದರಾಗ ಖರೇ ಯಾವುದು?’ ಎಂದು ತಂದೆ ಕೇಳಿದರು.

ತಾಯಿ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, ‘ತಪ್ಪು ಚೀಟಿ ಆರಿಸಿದ್ರ ಇವನ ವರ್ಷ ಹೋಗ್ತದಲ್ರಿ’ ಎಂದರು.

ಬಾಲ್ಕನಿಯ ಬಾಗಿಲಿನಲ್ಲಿ ನಿಂತಿದ್ದ ಅಜ್ಜಿಗೆ ತಕರಾರು ಇದ್ದುದು ಎರಡನೆಯ ಚೀಟಿಯ ಮೇಲೆ. ‘ಕೂಸು ಮಾತಾಡೂದಿಲ್ಲ ಅಂತ ನಾವೂ ಮಾತು ಬಿಟ್ಟರ ಹ್ಯಾಂಗ್ರೀ? ನನಗ ಇಂಗ್ಲೀಷ ಬರೂದಿಲ್ಲ. ನಾ ಇವನ ಜೋಡಿ ಮೂಕಿ ಆಗಿರ್ಲೇನು?’

ನಾವು ವೈದ್ಯರಲ್ಲ. ಹದಿನೈದು ದಿನ ಅವಕಾಶ ಕೇಳಿ ಹಿಂದಿರುಗಿದೆವು. ಬಲ್ಲವರನ್ನು ಕೇಳಿದೆವು, ಓದಿದೆವು. ಇಂತಹ ಚೀಟಿಗಳು ನಮ್ಮ ಓದುಗರ ಇನ್ನೆಷ್ಟೋ ಮನೆಗಳ ಮೇಜಿನ ಮೇಲೂ ಇರಬಹುದಾದ್ದರಿಂದ ತಿಳಿದುಕೊಂಡುದನ್ನು ಇಲ್ಲಿ ಹೇಳುತ್ತೇವೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ ೨೦೨೧ರಲ್ಲಿ ಜಗತ್ತಿನ ಸುಮಾರು ೧೨೭ ಜನರಲ್ಲಿ ಒಬ್ಬರಿಗೆ ಆಟಿಸಂ ಇತ್ತು. ಇದು ಅಪರೂಪದ ಮಾತೇನಲ್ಲ.

ಮೊದಲು ತಾಯಂದಿರಿಗೆ ಒಂದು ಮಾತು. ಆಟಿಸಂ, ಅಂದರೆ ಸ್ವಲೀನತೆ, ಮಗುವಿನ ಮೆದುಳು ಬೆಳೆಯುವ ರೀತಿಯಲ್ಲಿರುವ ಒಂದು ಭೇದ. ಇದರಲ್ಲಿ ಅನುವಂಶದ ಪಾಲು ದೊಡ್ಡದು. ೧೯೪೩ರಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿ ಲಿಯೋ ಕ್ಯಾನರ್ ಎಂಬ ವೈದ್ಯರು ಹನ್ನೊಂದು ಮಕ್ಕಳನ್ನು ಕುರಿತು ಬರೆದಾಗ ಇದಕ್ಕೆ ಪ್ರತ್ಯೇಕವಾದ ಹೆಸರು ನಿಂತಿತು. ಆ ಬಳಿಕ ಎರಡು ದಶಕಗಳ ಕಾಲ ದೊಡ್ಡ ದೊಡ್ಡ ಪಂಡಿತರು ತಾಯಿಯ ತಣ್ಣಗಿನ ಸ್ವಭಾವದಿಂದಲೇ ಮಗು ಹೀಗಾಗುವುದೆಂದು ದೂರಿದರು. ೧೯೬೭ರಲ್ಲಿ ಬ್ರೂನೋ ಬೆಟಲ್‌ಹೈಮ್ ಎಂಬವರು ಈ ಮಾತನ್ನೇ ದೊಡ್ಡ ಪುಸ್ತಕವನ್ನಾಗಿ ಬರೆದರು. ಅದಕ್ಕೂ ಮೂರು ವರ್ಷ ಮೊದಲೇ, ೧೯೬೪ರಲ್ಲಿ, ಬರ್ನಾರ್ಡ್ ರಿಮ್‌ಲ್ಯಾಂಡ್ ಎಂಬ ಮನಶ್ಶಾಸ್ತ್ರಜ್ಞರು ಇದು ಶರೀರಕ್ಕೆ ಸಂಬಂಧಿಸಿದ್ದು, ತಾಯಿಯ ತಪ್ಪಲ್ಲ ಎಂದು ವಾದಿಸಿ ಬರೆದಿದ್ದರು. ಅವರ ಸ್ವಂತ ಮಗನಿಗೇ ಆಟಿಸಂ ಇತ್ತು. ಗೆದ್ದುದು ಆ ತಂದೆಯ ವಾದ. ತಾಯಿ ಕೆಲಸಕ್ಕೆ ಹೋದುದರಿಂದಾಗಲಿ, ಗರ್ಭಿಣಿಯಾಗಿದ್ದಾಗ ಅತ್ತುದರಿಂದಾಗಲಿ ಆಟಿಸಂ ಬರುವುದಿಲ್ಲ. ಲಸಿಕೆಯಿಂದಲೂ ಬರುವುದಿಲ್ಲ; ಹಾಗೆಂದು ೧೯೯೮ರಲ್ಲಿ ಲಂಡನ್ನಿನ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಲೇಖನವನ್ನು ಆ ಪತ್ರಿಕೆಯೇ ೨೦೧೦ರಲ್ಲಿ ಹಿಂತೆಗೆದುಕೊಂಡಿತು. ನೆಂಟರು ಮನೆಗೆ ಬಂದು ‘ಮೊಬೈಲು ಕೊಟ್ಟು ಕೆಡಿಸಿದಿರಿ’ ಎಂದರೆ ನಯವಾಗಿ ಚಹಾ ಕೊಟ್ಟು ಕಳುಹಿಸಿಬಿಡಿ.

ಇನ್ನು ಮೊದಲನೆಯ ಚೀಟಿ. ನಡವಳಿಕೆಯ ಪದ್ಧತಿಗೆ ಎಬಿಎ ಎಂಬ ಹೆಸರು ಬಳಕೆಯಲ್ಲಿದೆ. ಕಲಿಸಬೇಕಾದುದನ್ನು ಸಣ್ಣ ಸಣ್ಣ ತುಂಡು ಮಾಡುವುದು, ಮಗು ಮಾಡಿದೊಡನೆ ಅದಕ್ಕೆ ಇಷ್ಟವಾದುದನ್ನು ಕೊಟ್ಟು ಹುರಿದುಂಬಿಸುವುದು, ದಿನದಿನದ ಲೆಕ್ಕ ಇಡುವುದು—ಇದು ಅದರ ಸಾರ. ಲಾಸ್ ಏಂಜಲಿಸಿನ ಈವಾರ್ ಲೋವಾಸ್ ೧೯೮೭ರಲ್ಲಿ ಪ್ರಕಟಿಸಿದ ಅಧ್ಯಯನದಿಂದ ಇದಕ್ಕೆ ಕೀರ್ತಿ ಬಂತು. ವಾರಕ್ಕೆ ೪೦ ಗಂಟೆಯಂತೆ ಎರಡು ವರ್ಷಕ್ಕೂ ಮೇಲ್ಪಟ್ಟು ಕಲಿತ ೧೯ ಮಕ್ಕಳಲ್ಲಿ ೯ ಮಂದಿ ಸಾಮಾನ್ಯ ಶಾಲೆಯ ಒಂದನೆಯ ತರಗತಿಯನ್ನು ದಾಟಿದರೆಂದು ಅವರು ಬರೆದರು. ‘ಹೆಚ್ಚು ಗಂಟೆ, ಹೆಚ್ಚು ಗುಣ’ ಎಂಬ ಮಾತು ಹುಟ್ಟಿದ್ದು ಮುಖ್ಯವಾಗಿ ಅಲ್ಲಿಂದ. ಆದರೆ ಆ ಅಧ್ಯಯನದಲ್ಲಿ ಯಾವ ಮಗು ಯಾವ ಗುಂಪಿಗೆ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಿರಲಿಲ್ಲ. ಗದರಿಸುವುದು, ತೊಡೆಗೆ ಏಟು ಕೊಡುವುದು ಕೂಡ ಅಂದಿನ ಕ್ರಮದಲ್ಲಿ ಸೇರಿತ್ತು. ಇಂದಿನ ಒಳ್ಳೆಯ ಶಿಕ್ಷಕರು ಹೊಡೆಯುವುದಿಲ್ಲ. ಆದರೂ ಹೀಗೆ ಕಲಿತು ದೊಡ್ಡವರಾದ ಆಟಿಸಂನವರಲ್ಲಿ ಅನೇಕರು ಈಗ ತಾವೇ ಬಾಯಿಬಿಟ್ಟು ಹೇಳುತ್ತಿದ್ದಾರೆ: ಕಣ್ಣಿಗೆ ಕಣ್ಣು ಕೊಡು, ಕೈ ಬಡಿಯಬೇಡ ಎಂದು ಗಂಟೆಗಟ್ಟಲೆ ಒತ್ತಾಯಪಡಿಸಿದುದು ತಮಗೆ ನೋವಿನ ನೆನಪಾಗಿ ಉಳಿದಿದೆ ಎಂದು. ಈ ಮಾತನ್ನು ನಾವು ಕೇಳತಕ್ಕದ್ದು. ಮಗು ಸಂತೋಷವಾದಾಗ ಕೈ ಬಡಿದರೆ ಯಾರಿಗೆ ಏನು ನಷ್ಟ?

ಹಾಗೆಂದು ಈ ಪದ್ಧತಿಯೇ ಕೆಟ್ಟದೆಂದು ಹೇಳಲಾರೆವು. ತಲೆಯನ್ನು ಗೋಡೆಗೆ ಬಡಿದುಕೊಳ್ಳುವ, ರಸ್ತೆಗೆ ಓಡಿಬಿಡುವ ಮಗುವಿಗೆ, ಶೌಚದ ಅಭ್ಯಾಸ ಬಾರದ ಮಗುವಿಗೆ, ತುಂಡು ತುಂಡಾಗಿ ಕಲಿಸುವ ಕ್ರಮ ನೆರವಾಗುವುದುಂಟು. ಪ್ರಶ್ನೆ ಇರುವುದು ಗಂಟೆಗಳದ್ದು. ೨೦೨೪ರಲ್ಲಿ ಅಮೆರಿಕದ ಮಕ್ಕಳ ವೈದ್ಯ ಪತ್ರಿಕೆಯೊಂದರಲ್ಲಿ, ೧೪೪ ಅಧ್ಯಯನಗಳನ್ನೂ ಅವುಗಳಲ್ಲಿದ್ದ ೯,೦೩೮ ಮಕ್ಕಳನ್ನೂ ಒಟ್ಟಿಗೆ ಲೆಕ್ಕಕ್ಕೆ ತೆಗೆದುಕೊಂಡ ಬರಹವೊಂದು ಬಂತು. ಗಂಟೆ ಹೆಚ್ಚಾದಂತೆ ಗುಣವೂ ಹೆಚ್ಚುವುದೆಂಬುದಕ್ಕೆ ಗಟ್ಟಿಯಾದ ಆಧಾರ ಅದರಲ್ಲಿ ಕಾಣಲಿಲ್ಲ. ಆದ್ದರಿಂದ ೨೦ ಗಂಟೆ ಕೊಡಲಾಗದ ತಂದೆ ತನ್ನ ಮಗನಿಗೆ ಅನ್ಯಾಯ ಮಾಡಿದೆನೆಂದು ರಾತ್ರಿ ನಿದ್ದೆಗೆಡಬೇಕಾಗಿಲ್ಲ.

ಎರಡನೆಯ ಚೀಟಿಗೆ ಬರೋಣ. ಸ್ಪೀಚ್ ಥೆರಪಿ ಎಂದರೆ ಉಚ್ಚಾರ ತಿದ್ದುವುದು ಮಾತ್ರ ಎಂಬ ತಿಳಿವಳಿಕೆ ನಮ್ಮಲ್ಲಿದೆ. ಹಾಗಲ್ಲ. ಬೇಕು, ಬೇಡ, ಸಾಕು, ನೋಡು ಎಂಬುದನ್ನು ಇನ್ನೊಬ್ಬರಿಗೆ ತಿಳಿಸುವ ದಾರಿಯನ್ನು ಕಂಡುಕೊಡುವುದೇ ಅದರ ಮೊದಲ ಕೆಲಸ. ದಾರಿ ಬಾಯಿಯದಾಗಿರಬಹುದು, ಬೆರಳಿನದಾಗಿರಬಹುದು, ಚಿತ್ರದ್ದಾಗಿರಬಹುದು. ಮಗು ಚಿತ್ರವನ್ನು ಕೈಗೆ ಕೊಟ್ಟು ವಸ್ತುವನ್ನು ಕೇಳುವ ಒಂದು ಕ್ರಮವನ್ನು ೧೯೮೫ರಲ್ಲಿ ಅಮೆರಿಕದ ಡೆಲವೇರಿನಲ್ಲಿ ರೂಪಿಸಿದರು. ಇಂದು ಅದು ನಮ್ಮಲ್ಲೂ ಬಳಕೆಯಲ್ಲಿದೆ. ‘ಚಿತ್ರ ಕೊಟ್ಟರೆ ಮಗು ಬಾಯಿ ಬಿಡುವುದೇ ಇಲ್ಲ’ ಎಂಬ ಹೆದರಿಕೆ ಅನೇಕರಿಗೆ. ೨೦೦೬ರಲ್ಲಿ ಈ ಬಗೆಯ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಚಿತ್ರದಿಂದ ಮಾತು ಕುಗ್ಗಿದುದು ಕಾಣಲಿಲ್ಲ. ಹೆಚ್ಚಿನ ಮಕ್ಕಳಲ್ಲಿ ಮಾತು ತುಸು ಬೆಳೆದಿತ್ತು. ನಮ್ಮ ಪವಾಯಿಯ ಐಐಟಿಯಲ್ಲಿ ಸಿದ್ಧವಾದ ‘ಜೆಲ್ಲೋ’ ಎಂಬ ಆ್ಯಪ್ ಇಂತಹುದೇ. ಚಿತ್ರ ಮುಟ್ಟಿದರೆ ಫೋನು ಮಾತಾಡುತ್ತದೆ.

ಆಕ್ಯುಪೇಷನಲ್ ಥೆರಪಿಯವರು ನೋಡುವುದು ಮಗುವಿನ ದಿನಚರಿಯನ್ನು: ಚಮಚ ಹಿಡಿಯುವುದು, ಗುಂಡಿ ಹಾಕಿಕೊಳ್ಳುವುದು, ಹಲ್ಲುಜ್ಜುವುದು, ಸದ್ದು, ವಾಸನೆ, ಮುಟ್ಟುವಿಕೆಗಳನ್ನು ತಾಳಿಕೊಳ್ಳುವುದು. ಎಂಐಡಿಸಿಯಲ್ಲಿ ಇದು ಸಣ್ಣ ವಿಷಯವಲ್ಲ. ಕಾರಖಾನೆಯ ಭೋಂಗಾ, ಸಂಜೆಯ ರಸಾಯನದ ವಾಸನೆ, ದೀಪಾವಳಿಯ ಪಟಾಕಿ ಇವೆಲ್ಲ ನಮಗಿಂತ ಹತ್ತು ಪಟ್ಟು ತೀಕ್ಷ್ಣವಾಗಿ ತಗಲುವ ಮಗುವನ್ನು ಹಟಮಾರಿ ಎಂದು ಬೈದು ಏನು ಫಲ? ಜೋಲಿ, ಉಯ್ಯಾಲೆ, ಬ್ರಶ್ಶುಗಳಿಂದ ಇಂದ್ರಿಯಗಳನ್ನು ಪಳಗಿಸುವ ಕ್ರಮವೂ ಇದೆ. ಅದನ್ನು ಆರಂಭಿಸಿದವರು ಅಮೆರಿಕದ ಜೀನ್ ಏರ್ಸ್. ಕೆಲವು ಮಕ್ಕಳು ಅದರಿಂದ ಸಮಾಧಾನ ಹೊಂದುತ್ತಾರೆ. ಆದರೆ ಅದರಿಂದಲೇ ಮಾತು ಬಂದೀತೆಂದು ಯಾರಾದರೂ ಹೇಳಿದರೆ ನಂಬಬೇಕಾಗಿಲ್ಲ.

ಇನ್ನು ಅಜ್ಜಿಯ ತಕರಾರು. ಡೊಂಬಿವಲಿಯ ಕನ್ನಡದ ಮನೆಯಲ್ಲಿ ಹುಟ್ಟಿದ ಮಗು ಮನೆಯಲ್ಲಿ ಕನ್ನಡ, ಮೆಟ್ಟಿಲ ಬಳಿ ಮರಾಠಿ, ಅಂಗಡಿಯಲ್ಲಿ ಹಿಂದಿ, ಶಾಲೆಯಲ್ಲಿ ಇಂಗ್ಲಿಷ್ ಕೇಳಿ ಬೆಳೆಯುತ್ತದೆ. ಮಾತು ತಡವಾದರೆ ಮೊದಲು ಕೈಬಿಡುವುದು ಕನ್ನಡವನ್ನು. ‘ಭಾಷೆ ಒಂದಾದರೆ ಗೊಂದಲ ಕಡಿಮೆ’ ಎಂಬ ತರ್ಕ ಕೇಳುವುದಕ್ಕೆ ಸರಿಯೆನಿಸುತ್ತದೆ. ಅದನ್ನು ಪರೀಕ್ಷಿಸಿಯೂ ನೋಡಿದ್ದಾರೆ. ಕೆನಡಾದ ಮಾಂಟ್ರಿಯಲಿನಲ್ಲಿ ಆಟಿಸಂ ಇದ್ದ ೭೫ ಮಕ್ಕಳನ್ನು ಕುರಿತ ಅಧ್ಯಯನ ೨೦೧೨ರಲ್ಲಿ ಪ್ರಕಟವಾಯಿತು. ಎರಡು ಭಾಷೆಗಳ ನಡುವೆ ಬೆಳೆದ ಮಕ್ಕಳು ಒಂದೇ ಭಾಷೆಯಲ್ಲಿ ಬೆಳೆದವರಿಗಿಂತ ಮಾತಿನಲ್ಲಿ ಹಿಂದೆ ಬಿದ್ದಿರಲಿಲ್ಲ. ಆಮೇಲಿನ ಅಧ್ಯಯನಗಳೂ ಇದನ್ನೇ ಹೇಳಿವೆ. ಇತ್ತ, ಕನ್ನಡ ಬಿಟ್ಟರೆ ಆಗುವ ನಷ್ಟವೋ ಕಣ್ಣಿಗೆ ಕಾಣುವಂತಹುದು. ಹರಕುಮುರುಕು ಇಂಗ್ಲಿಷಿನಲ್ಲಿ ತಾಯಿ ‘ಕಮ್, ಸಿಟ್, ಈಟ್’ ಎಂದು ಅಪ್ಪಣೆ ಕೊಡಬಲ್ಲಳು. ಲಾಲಿ ಹಾಡಲಾರಳು, ಛೇಡಿಸಲಾರಳು, ಕಥೆ ಹೇಳಲಾರಳು. ಅಜ್ಜಿಯಂತೂ ಬಾಯಿ ಮುಚ್ಚಿಯೇಬಿಡುವಳು. ಮೊದಲೇ ಜನರೊಡನೆ ಬೆರೆಯಲು ಕಷ್ಟಪಡುವ ಮಗುವಿನ ಸುತ್ತಲಿನ ಜನವನ್ನು ನಾವೇ ಮೂಕರನ್ನಾಗಿ ಮಾಡಿದಂತಾಗಲಿಲ್ಲವೆ? ಮನೆಯವರಿಗೆ ಯಾವ ಮಾತು ಸಲೀಸೋ ಅದೇ ಮಗುವಿಗೆ ಮೊದಲ ಮಾತಾಗಲಿ. ಥೆರಪಿಯವರು ಮರಾಠಿಯಲ್ಲೋ ಹಿಂದಿಯಲ್ಲೋ ಕಲಿಸಿದರೆ ಬಾಧೆಯಿಲ್ಲ. ಆ ವಾರದ ಐದು ಮಾತುಗಳನ್ನು ಕೇಳಿ ಬರೆದುಕೊಂಡು ಬಂದು ಮನೆಯಲ್ಲಿ ಕನ್ನಡದಲ್ಲಿ ಬಳಸಿದರಾಯಿತು.

ಮೂರನೆಯ ಚೀಟಿ ನೋಡುವುದಕ್ಕೆ ಬಡವಾಗಿತ್ತು. ಹದಿನೈದು ದಿನಕ್ಕೊಂದು ಸಲವೆ? ಇಷ್ಟರಿಂದ ಏನಾದೀತು? ತಂದೆಗೆ ಅದೇ ಸಂಶಯ. ಆದರೆ ಮೂರರಲ್ಲಿ ನಮ್ಮ ದೇಶದ ಮನೆಗಳಿಗೆ ತೀರ ಹತ್ತಿರದ ಪರೀಕ್ಷೆ ನಡೆದಿರುವುದು ಈ ಕ್ರಮಕ್ಕೇ. ಇಂಗ್ಲೆಂಡಿನಲ್ಲಿ ೧೫೨ ಎಳೆಯ ಮಕ್ಕಳ ಮೇಲೆ ನಡೆದ ಪ್ರಯೋಗವೊಂದು ೨೦೧೦ರಲ್ಲಿ ಪ್ರಕಟವಾಗಿತ್ತು. ಮಗುವಿನೊಡನೆ ತಾವು ಆಡುವುದನ್ನು ವೀಡಿಯೊ ತೆಗೆದು, ಥೆರಪಿಯವರ ಜೊತೆ ಕುಳಿತು ನೋಡಿ, ಮಗು ಕೊಟ್ಟ ಸಣ್ಣ ಸುಳಿವಿಗೆ ಹೇಗೆ ಉತ್ತರಿಸಬೇಕೆಂದು ತಾಯಿತಂದೆ ಕಲಿಯುವುದು ಅದರ ಕ್ರಮ. ಅದೇ ಮಕ್ಕಳನ್ನು ಸುಮಾರು ಆರು ವರ್ಷಗಳ ಮೇಲೆ ಮತ್ತೆ ನೋಡಿದಾಗಲೂ ಸ್ವಲ್ಪ ಗುಣ ಉಳಿದಿದ್ದುದು ೨೦೧೬ರಲ್ಲಿ ವರದಿಯಾಯಿತು. ಅದನ್ನು ನಮ್ಮ ಕಡೆಯ ಮನೆಗಳಿಗೆ ಹೊಂದಿಸಿ ಗೋವೆಯಲ್ಲಿಯೂ ಪಾಕಿಸ್ತಾನದ ರಾವಲ್ಪಿಂಡಿಯಲ್ಲಿಯೂ ೬೫ ಮಕ್ಕಳ ಮೇಲೆ ಪ್ರಯೋಗ ಮಾಡಿದರು. ಕಲಿಸಿದವರು ದೊಡ್ಡ ತಜ್ಞರಲ್ಲ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು. ಆರು ತಿಂಗಳಲ್ಲಿ ಒಟ್ಟು ಹನ್ನೆರಡು ಭೇಟಿ, ಅಷ್ಟೆ. ತಾಯಿತಂದೆ ಮಗುವಿನ ಸುಳಿವಿಗೆ ಸರಿಯಾಗಿ ಉತ್ತರಿಸುವುದು ಹೆಚ್ಚಿತು. ಮಗು ತಾನಾಗಿ ಅವರ ಕಡೆ ತಿರುಗಿ ಏನನ್ನಾದರೂ ತಿಳಿಸುವುದೂ ಹೆಚ್ಚಿತು. ಎಲ್ಲವೂ ಸುಧಾರಿಸಿತೆಂದಲ್ಲ, ಇಬ್ಬರೂ ಒಂದೇ ವಸ್ತುವಿನಲ್ಲಿ ಗಮನವಿಟ್ಟು ಆಡುವ ಹೊತ್ತು ಹೆಚ್ಚಲಿಲ್ಲ. ಆದರೂ ಹನ್ನೆರಡು ಭೇಟಿಗೆ ಇದು ಕಡಿಮೆಯಲ್ಲ.

ಮೂರನ್ನೂ ಬೇರೆ ಬೇರೆ ಅಂಗಡಿಗಳ ಸರಕೆಂದು ನೋಡಬೇಕಾಗಿಲ್ಲ ಎಂಬುದಕ್ಕೆ ಕನ್ನಡ ನಾಡಿನಲ್ಲೇ ನಿದರ್ಶನವಿದೆ. ಬೆಂಗಳೂರಿನ ಡಾ. ಪ್ರತಿಭಾ ಕಾರಂತರು ೨೦೦೦ದ ಹೊತ್ತಿಗೆ ಆರಂಭಿಸಿದ ‘ಕಾಮ್ ಡೀಲ್’ ಕ್ರಮದಲ್ಲಿ ಮಾತಿನ ಶಿಕ್ಷಕರು, ಆಕ್ಯುಪೇಷನಲ್ ಥೆರಪಿಯವರು, ವಿಶೇಷ ಶಿಕ್ಷಕರು ಮಕ್ಕಳ ಒಂದೇ ಗುಂಪಿನೊಡನೆ ಕೂಡಿ ಕೆಲಸ ಮಾಡುತ್ತಾರೆ. ತಾಯಂದಿರೂ ಅದರಲ್ಲಿ ಪಾಲುಗೊಳ್ಳುತ್ತಾರೆ. ಹೆಸರು ಯಾವುದೇ ಇರಲಿ, ಒಳ್ಳೆಯ ಪದ್ಧತಿಗಳು ಈಗ ಒಂದರ ಕಡೆಗೊಂದು ಸರಿಯುತ್ತಿವೆ: ಆಟದೊಳಗೆ ಕಲಿಸು, ಮಗುವಿನ ಆಸಕ್ತಿಯನ್ನು ಹಿಂಬಾಲಿಸು, ಮನೆಯವರನ್ನು ಸೇರಿಸಿಕೋ.

ಇಷ್ಟನ್ನೂ ತಿಳಿದುಕೊಂಡು ಹದಿನೈದು ದಿನದ ಮೇಲೆ ನಾವು ಮತ್ತೆ ಹೋದೆವು. ಯಾವ ಚೀಟಿ ಸರಿ ಎಂದು ನಾವು ಹೇಳಲಿಲ್ಲ. ಮೂರು ಕೇಂದ್ರಗಳಲ್ಲೂ ಕೇಳತಕ್ಕ ನಾಲ್ಕು ಪ್ರಶ್ನೆಗಳನ್ನು ಬರೆದುಕೊಟ್ಟೆವು. ಒಂದು, ಮೂರು ತಿಂಗಳ ಕೊನೆಗೆ ನಮ್ಮ ಮಗ ಮನೆಯಲ್ಲಿ ಏನನ್ನು ಮಾಡುವಂತಾಗಬೇಕೆಂಬುದು ನಿಮ್ಮ ಗುರಿ? ‘ಸುಧಾರಿಸುತ್ತಾನೆ’ ಎಂಬುದು ಉತ್ತರವಲ್ಲ. ‘ನೀರು ಬೇಕಾದರೆ ಕೇಳುತ್ತಾನೆ’ ಎಂಬುದು ಉತ್ತರ. ಎರಡು, ಕಲಿಸುವಾಗ ನಾವು ಒಳಗೆ ಕೂರಬಹುದೆ? ಬಾಗಿಲು ಮುಚ್ಚಿ ತಾಯಿಯನ್ನು ಹೊರಗೆ ಕೂರಿಸುವ ಕಡೆ ಮನೆಗೆ ಏನೂ ಬಂದು ಸೇರುವುದಿಲ್ಲ. ಮೂರು, ಮಗು ಅತ್ತರೆ, ಒಲ್ಲೆನೆಂದರೆ ಏನು ಮಾಡುತ್ತೀರಿ? ನಾಲ್ಕು, ಮೂರು ತಿಂಗಳಲ್ಲಿ ಗುಣ ಕಾಣದಿದ್ದರೆ ಯಾವುದನ್ನು ಬದಲಾಯಿಸುತ್ತೀರಿ? ಇದಕ್ಕೆ ‘ಇನ್ನಷ್ಟು ಗಂಟೆ’ ಎಂಬುದೊಂದೇ ಉತ್ತರವಾದರೆ ಕೈಚೀಲ ಎತ್ತಿಕೊಂಡು ಹೊರಡಬಹುದು.

ತಂದೆ ಐದನೆಯದೊಂದನ್ನು ತಾವೇ ಸೇರಿಸಿದರು: ಹೋಗಿಬರುವ ಖರ್ಚು. ಅವರು ಹೇಳಿದುದು ರಿಕ್ಷಾ, ರೈಲಿನ ಹಣವನ್ನಲ್ಲ. ಬೆಳಗಿನ ಲೋಕಲಿನಲ್ಲಿ ಡೊಂಬಿವಲಿಯಿಂದ ಮಗುವನ್ನು ಎತ್ತಿಕೊಂಡು ಹತ್ತುವುದೆಂದರೆ ಏನೆಂಬುದು ನಮ್ಮ ಓದುಗರಿಗೆ ಗೊತ್ತಿದೆ. ಆ ನೂಕುನುಗ್ಗಲಿನಲ್ಲಿ ಅತ್ತು ಅತ್ತು ಬಸವಳಿದ ಮಗು ಥೆರಪಿಯ ಮುಕ್ಕಾಲು ಗಂಟೆಯನ್ನು ಅಳುವುದರಲ್ಲೋ ನಿದ್ದೆಯಲ್ಲೋ ಕಳೆದರೆ, ಚೀಟಿ ಎಷ್ಟು ಉತ್ತಮವಾಗಿದ್ದರೇನು? ನಡುಮಧ್ಯಾಹ್ನದ ರೈಲು, ಹತ್ತಿರದ ಕೇಂದ್ರ, ಕಡಿಮೆ ಭೇಟಿ ಇವೂ ಆಯ್ಕೆಯ ಭಾಗವೇ.

ಮೊದಲು ಮಾಡಿಸಬೇಕಾದ ಕೆಲಸವೊಂದುಂಟು. ಅದು ಕಿವಿಯ ಪರೀಕ್ಷೆ. ಕೇಳಿಸದ ಮಗುವೂ ಕರೆದರೆ ತಿರುಗದು. ಬಾಂದ್ರಾ ರಿಕ್ಲಮೇಶನ್ನಿನಲ್ಲಿ ೧೯೮೩ರಿಂದ ಇರುವ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆಯಲ್ಲಿ ಕಿವಿಯನ್ನೂ ಮಾತನ್ನೂ ಪರೀಕ್ಷಿಸುತ್ತಾರೆ. ಅದು ಕೇಂದ್ರ ಸರ್ಕಾರದ್ದು. ಮುಂಬಯಿಯಲ್ಲಿ ೨೦೦೧ರಿಂದ ಕೆಲಸ ಮಾಡುತ್ತಿರುವ ‘ಉಮ್ಮೀದ್’ ಮಕ್ಕಳ ಬೆಳವಣಿಗೆಯನ್ನೇ ನೋಡುವ ಸಂಸ್ಥೆ. ಬೇಸಿಗೆಯಲ್ಲಿ ಊರಿಗೆ ಹೋಗುವವರಿಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ೧೯೬೫ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೂ, ಬೆಂಗಳೂರಿನ ನಿಮ್ಹಾನ್ಸೂ ಇವೆ. ಅಲ್ಲಿ ಕನ್ನಡದಲ್ಲೇ ಮಾತಾಡಿ ಕೇಳಿಕೊಂಡು ಬರಬಹುದು.

ಕಾನೂನಿನ ನೆರವೂ ಇಲ್ಲದಿಲ್ಲ. ೧೯೯೯ರ ರಾಷ್ಟ್ರೀಯ ನ್ಯಾಸ ಕಾಯಿದೆಯಲ್ಲಿ ಆಟಿಸಂ ಹೆಸರಿಸಲ್ಪಟ್ಟಿದೆ. ಅದರಡಿಯ ‘ನಿರಾಮಯ’ ವಿಮೆಯಲ್ಲಿ ವರ್ಷಕ್ಕೆ ಒಂದು ಲಕ್ಷ ರೂಪಾಯಿಯವರೆಗೆ ರಕ್ಷಣೆಯುಂಟು, ಥೆರಪಿಯ ಖರ್ಚಿನ ಒಂದು ಪಾಲೂ ಅದರಲ್ಲಿ ಸೇರುತ್ತದೆ. ೨೦೧೬ರ ವಿಕಲಚೇತನರ ಹಕ್ಕುಗಳ ಕಾಯಿದೆಯ ೨೧ ಬಗೆಗಳಲ್ಲಿ ಆಟಿಸಂ ಒಂದು. ಪ್ರಮಾಣಪತ್ರ ಮಾಡಿಸಿದರೆ ಮಗನಿಗೆ ಹಣೆಪಟ್ಟಿ ಅಂಟೀತೆಂದು ತಾಯಿ ಅಳುಕಿದರು. ಆ ಕಾಗದ ಕಪಾಟಿನಲ್ಲಿರುತ್ತದೆ, ಹಣೆಯ ಮೇಲಲ್ಲ, ಬೇಕಾದಾಗ ತೆಗೆದರಾಯಿತು.

ಒಂದು ಎಚ್ಚರಿಕೆಯನ್ನು ಮಾತ್ರ ಒತ್ತಿ ಹೇಳುತ್ತೇವೆ. ‘ಆರು ತಿಂಗಳಲ್ಲಿ ಪೂರ್ತಿ ಗುಣ’ ಎನ್ನುವವರು, ವರ್ಷದ ಹಣವನ್ನು ಮುಂಗಡ ಕೇಳುವವರು, ಸ್ಟೆಮ್ ಸೆಲ್ ಚುಚ್ಚಿಸಿ ಎನ್ನುವವರು ಇದ್ದಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ೨೦೧೭ರ ಮಾರ್ಗಸೂಚಿ ಆಟಿಸಂನಂತಹ ಸ್ಥಿತಿಗೆ ಸ್ಟೆಮ್ ಸೆಲ್ ಚಿಕಿತ್ಸೆಯನ್ನು ಒಪ್ಪಿತ ಚಿಕಿತ್ಸೆಯೆಂದು ಎಣಿಸಿಲ್ಲ. ಪ್ರಯೋಗದ ಚೌಕಟ್ಟಿನ ಹೊರಗೆ ಅದನ್ನು ಕೊಡುವುದು ನೀತಿಗೆ ವಿರುದ್ಧವೆಂದಿದೆ. ಒಡವೆ ಅಡವಿಟ್ಟು ಆ ಬಾಗಿಲಿಗೆ ಹೋಗುವುದು ಸರ್ವಥಾ ಬೇಡ.

ದಂಪತಿಗಳು ಏನು ಮಾಡಿದರು? ನಾಲ್ಕು ಪ್ರಶ್ನೆಗಳನ್ನು ಹಿಡಿದುಕೊಂಡು ಮೂರೂ ಕಡೆ ಮತ್ತೊಮ್ಮೆ ಹೋದರು. ದಾದರಿನ ಕ್ರಮವನ್ನು ಆರಿಸಿದರು; ತಂದೆಗೆ ಪಾಳಿಯ ರಜೆ ಇರುವ ದಿನ, ಮಧ್ಯಾಹ್ನದ ರೈಲಿಗೆ, ಇಬ್ಬರೂ ಕೂಡಿ ಹೋಗುವುದು. ಜೊತೆಗೆ ವಾರಕ್ಕೊಮ್ಮೆ, ಹತ್ತಿರದಲ್ಲೇ, ಚಿತ್ರಗಳನ್ನು ಬಳಸಬಲ್ಲ ಮಾತಿನ ಶಿಕ್ಷಕಿಯೊಬ್ಬರನ್ನು ಕಂಡುಕೊಂಡರು. ಆಕೆ ಮರಾಠಿಯವರು, ಕನ್ನಡ ಬಿಡಬೇಡಿ ಎಂದು ಆಕೆಯೇ ಹೇಳಿದರಂತೆ. ೨೦ ಗಂಟೆಯ ಚೀಟಿಯನ್ನು ಹರಿಯಲಿಲ್ಲ, ಎತ್ತಿಟ್ಟರು. ಫ್ರಿಜ್ಜಿನ ಬಾಗಿಲಿಗೆ ಒಂದು ಹೊಸ ಚೀಟಿ ಅಂಟಿತು. ಅದರಲ್ಲಿ ಮೂರೇ ಸಾಲು: ನೀರು ಕೇಳಬೇಕು, ಕುಕ್ಕರಿನ ಸೀಟಿಗೆ ಹೆದರದಂತಾಗಬೇಕು, ದಿನಕ್ಕೆ ಅರ್ಧ ಗಂಟೆ ಯಾರಾದರೊಬ್ಬರು ಅವನ ಆಟವನ್ನು ಅವನಂತೆಯೇ ಆಡಬೇಕು.

ಈ ಮೂರನೆಯ ಸಾಲಿನಲ್ಲಿ ಎಲ್ಲರಿಗಿಂತ ಮುಂದಾದವರು ಅಜ್ಜಿ. ಅವರು ತಾವೂ ಒಂದು ಡಬ್ಬಿಯ ಮುಚ್ಚಳ ತಂದು ಹುಡುಗನ ಎದುರು ಕುಳಿತು ತಿರುಗಿಸತೊಡಗಿದರು. ಮೊದಲ ವಾರ ಅವನು ಮುಖ ತಿರುಗಿಸಿ ಕುಳಿತನು. ಎರಡನೆಯ ವಾರ ಅಜ್ಜಿಯ ಮುಚ್ಚಳ ನಿಂತಾಗ ಅವರ ಕೈಯನ್ನು ನೋಡಿದನು. ನಾಲ್ಕನೆಯ ವಾರ ಅವರ ಕೈ ಹಿಡಿದು ಮುಚ್ಚಳದ ಮೇಲೆ ಇಟ್ಟನು. ‘ತಿರಗಸು ಅಂದ ನೋಡ್ರಿ, ಬಾಯಿಲೆ ಅನ್ಲಿಲ್ಲ ಅಷ್ಟ’ ಎಂದು ಅಜ್ಜಿ ಫೋನಿನಲ್ಲಿ ನಮಗೆ ಹೇಳಿದರು.

ಮೊನ್ನೆ ಸಂಕ್ರಾಂತಿಗೆ ಎಳ್ಳುಬೆಲ್ಲ ಕೊಡಲು ಹೋದೆವು. ಕುಕ್ಕರು ಇಡುವ ಮೊದಲು ತಾಯಿ ಗೋಡೆಯ ಮೇಲಿನ ಕುಕ್ಕರಿನ ಚಿತ್ರವನ್ನು ತೋರಿಸಿ, ‘ಸೀಟಿ ಬರ್ತದ ಈಗ’ ಎಂದರು. ಹುಡುಗ ಎದ್ದು, ಕಿವಿ ಮುಚ್ಚಿಕೊಂಡು, ತಾನೇ ಬಾಲ್ಕನಿಗೆ ನಡೆದನು. ಅಳಲಿಲ್ಲ, ಸೀಟಿ ನಿಂತ ಮೇಲೆ ಒಳಗೆ ಬಂದನು. ಬಂದು ಲೋಟದ ಚಿತ್ರವನ್ನು ಕಿತ್ತು ಅಜ್ಜಿಯ ಮಡಿಲಲ್ಲಿ ಹಾಕಿದನು. ಆಗ ‘ನೀ’ ಎಂದನೆಂದು ಅಜ್ಜಿ ಹೇಳುತ್ತಾರೆ. ತನಗೆ ಕೇಳಿಸಲಿಲ್ಲ ಎಂದು ತಾಯಿ ಹೇಳುತ್ತಾರೆ. ನಾವು ಎಳ್ಳು ಜಗಿಯುತ್ತಿದ್ದೆವು. ಯಾರ ಪರವೂ ಸಾಕ್ಷಿ ಹೇಳಲಾರೆವು.

ಬ್ರಶ್ಶು ಬಾಯಿಗೆ ಸೋಕಿದರೆ ಈಗಲೂ ರಂಪ. ರಾತ್ರಿ ಎರಡು ಗಂಟೆಗೆ ಎದ್ದು ಕೂರುವುದು ತಪ್ಪಿಲ್ಲ. ಜೂನಿನಲ್ಲಿ ಯಾವ ಶಾಲೆ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಆದರೆ ‘ತಪ್ಪು ಚೀಟಿ ಆರಿಸಿದ್ರ ವರ್ಷ ಹೋಗ್ತದ’ ಎಂದಿದ್ದ ತಾಯಿ ಈಗ ಮೂರು ತಿಂಗಳಿಗೊಮ್ಮೆ ಫ್ರಿಜ್ಜಿನ ಚೀಟಿಯನ್ನು ತಾವೇ ಬದಲಾಯಿಸುತ್ತಾರೆ. ಸಾಗದಿದ್ದರೆ ದಾರಿ ಬದಲಿಸಬಹುದು, ಬೇಕಾದರೆ ಎತ್ತಿಟ್ಟ ಚೀಟಿಯನ್ನೂ ತೆಗೆಯಬಹುದು ಎಂಬ ಧೈರ್ಯ ಅವರಿಗೆ ಬಂದಿದೆ. ಹೊಸ ಚೀಟಿಯ ಮೊದಲ ಸಾಲು: ‘ಸಾಕು’ ಅನ್ನುವುದನ್ನು ಕಲಿಸುವುದು.

ಕೊನೆಗೆ ನಮ್ಮ ಸಂಘದ ಬಂಧುಗಳಲ್ಲಿ ಒಂದು ವಿಜ್ಞಾಪನೆ. ಮುಂದಿನ ಕಾರ್ಯಕ್ರಮಕ್ಕೆ ಈ ಮನೆಯವರು ಬರುತ್ತೇವೆಂದಿದ್ದಾರೆ. ಹುಡುಗ ಸಭೆಯ ನಡುವೆ ಎದ್ದು ಓಡಬಹುದು, ಕಿವಿ ಮುಚ್ಚಿಕೊಳ್ಳಬಹುದು. ‘ಇನ್ನೂ ಮಾತು ಬಂದಿಲ್ಲವೆ?’ ಎಂದು ಯಾರೂ ಕೇಳುವುದು ಬೇಡ. ಧ್ವನಿವರ್ಧಕದಿಂದ ದೂರದ ಕೋಣೆಯೊಂದನ್ನು ತೆರೆದಿಡಲು ಕಾರ್ಯದರ್ಶಿಗಳು ಒಪ್ಪಿದ್ದಾರೆ. ಅಲ್ಲಿ ಎರಡು ಡಬ್ಬಿಯ ಮುಚ್ಚಳಗಳು ಇರುತ್ತವೆ. ಬಿಡುವಿದ್ದವರು ಹೋಗಿ ಒಂದನ್ನು ತಿರುಗಿಸಬಹುದು. ಕನ್ನಡದಲ್ಲಿ ಮಾತಾಡುತ್ತ ತಿರುಗಿಸಿದರೆ ಅಜ್ಜಿಗೂ ಸಂತೋಷ.